ಮಹಜರಿನಲ್ಲಿ ಕಾಣದ ರಸ್ತೆ: ಹೆದ್ದಾರಿ ಸುರಕ್ಷತೆಯ ತನಿಖೆ ಮತ್ತು ಮೌಲ್ಯಮಾಪನ

ಹೆದ್ದಾರಿ ಅಪಘಾತದ ಎಫ್‌ಐಆರ್‌ಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಇವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದಿತು. ಆ ವರದಿಗೆ ಆಧಾರ ಪೊಲೀಸ್ ದಾಖಲೆಯೇ. ಚಾಲಕನ ಮೇಲೆ ಕೇಸು ದಾಖಲಿಸಲು ಕಾನೂನಿಗೆ ಬೇಕಾದ ಮಾತನ್ನೇ ನಾವು ಅಪಘಾತದ ಕಾರಣವೆಂದು ಎಣಿಸುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ರಾತ್ರಿ ಕೆಟ್ಟು ನಿಂತ ಲಾರಿಗೆ ಕಾರು ಹಿಂದಿನಿಂದ ಗುದ್ದುವುದನ್ನೇ ನೋಡಿ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಪಾಯ ಕಂಡು ಬ್ರೇಕ್ ತುಳಿಯಲು ಭಾರತೀಯ ರಸ್ತೆ ಕಾಂಗ್ರೆಸ್ ಲೆಕ್ಕ ಹಿಡಿಯುವುದು 2.5 ಸೆಕೆಂಡು, ಅಷ್ಟರಲ್ಲಿ ಕಾರು 70 ಮೀಟರ್ ಸಾಗಿರುತ್ತದೆ. ಬ್ರೇಕ್ ಹಿಡಿದ ಮೇಲೂ ನಿಲ್ಲಲು 110 ಮೀಟರ್ ಬೇಕು. ಒಟ್ಟು 180. ಹಿಂಬದಿ ದೀಪವೂ ಪ್ರತಿಫಲಕ ಪಟ್ಟಿಯೂ ಇಲ್ಲದ ಲಾರಿ ಡಿಮ್ ಬೆಳಕಿನಲ್ಲಿ ಅದರ ಅರ್ಧ ದೂರದಿಂದಲೂ ಕಾಣುವುದಿಲ್ಲ. ವೇಗಮಿತಿ ಮೀರದ ಚಾಲಕನೂ ಇಲ್ಲಿ ಸಾಯುತ್ತಾನೆ. ಮಹಜರಿನಲ್ಲಿ ಸ್ಥಳದ ಚೆಕ್ಕುಬಂದಿ ಇರುತ್ತದೆ, ಗಾಜಿನ ಚೂರುಗಳಿರುತ್ತವೆ. ಲಾರಿ ಪಕ್ಕಕ್ಕೆ ಸರಿಯಲು ಜಾಗವಿತ್ತೇ, ಎಷ್ಟು ದೂರದಿಂದ ಕಾಣುತ್ತಿತ್ತು ಎಂಬ ಅಳತೆ ಬಹುಪಾಲು ಇರುವುದೇ ಇಲ್ಲ.

ಇಂಥ ದಾಖಲೆಯ ಮೇಲೆಯೇ ‘ಬ್ಲ್ಯಾಕ್ ಸ್ಪಾಟ್’ ಗುರುತಿಸಲಾಗುತ್ತದೆ. ಸುಮಾರು 500 ಮೀಟರ್ ಹಾದಿಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ಅಂದರೆ ಹೆಣಗಳು ಬೀಳುವವರೆಗೆ ಕಾಯಬೇಕು. ಇನ್ನೊಂದು ತೊಡಕೂ ಇದೆ. ಒಂದು ವರ್ಷ ಆಕಸ್ಮಿಕವಾಗಿ ಏರಿದ ಸಂಖ್ಯೆ ಮರುವರ್ಷ ತಾನಾಗಿಯೇ ಸರಾಸರಿಯತ್ತ ಇಳಿಯಬಹುದು. ಆ ಇಳಿಕೆಯ ಕೀರ್ತಿ ಆಗಷ್ಟೇ ಹಾಕಿದ ಉಬ್ಬಿಗೋ ಫಲಕಕ್ಕೋ ಸಲ್ಲುತ್ತದೆ. ಕೆನಡಾದ ವಿದ್ವಾಂಸ ಎಜ್ರಾ ಹೌವರ್ ಇದನ್ನು ತಡೆಯಲೆಂದೇ, ಅದೇ ಬಗೆಯ ಇತರ ರಸ್ತೆಗಳ ಅನುಭವವನ್ನೂ ಸೇರಿಸಿ ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು.

ಬೆಂಗಳೂರು–ಮೈಸೂರು ಹೆದ್ದಾರಿಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಾರಿಯ ಮುಖ್ಯಪಥದಲ್ಲಿ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ವೇಗ ಪತ್ತೆಯೂ ಬಿಗಿಯಾಯಿತು, ಕ್ಯಾಮೆರಾಗಳು ಬಂದವು. ಸಾವು ಇಳಿದರೆ ಯಾವುದರಿಂದ ಇಳಿಯಿತು? ಬೈಕ್ ಸವಾರರು ಮಾಯವಾಗಿಲ್ಲ, ಸರ್ವಿಸ್ ರಸ್ತೆಗೆ ಇಳಿದಿದ್ದಾರೆ. ಅಲ್ಲಿನ ಸಾವುಗಳನ್ನು ಜೊತೆಗಿಟ್ಟು ಎಣಿಸದ ಮೌಲ್ಯಮಾಪನವನ್ನು ನಾನು ಒಪ್ಪಲಾರೆ.

ದಾರಿ ಇಲ್ಲದಿಲ್ಲ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ‘ಐರಾಡ್’ ಎಂಬ ಅಪಘಾತ ದಾಖಲೆಯ ತಂತ್ರಾಂಶದಲ್ಲಿ ಪೊಲೀಸರ ಜೊತೆಗೆ ರಸ್ತೆ ಎಂಜಿನಿಯರ್ ಕೂಡ ಸ್ಥಳದ ವಿವರ ತುಂಬಲು ಅವಕಾಶವಿದೆ. ಎಂಜಿನಿಯರುಗಳು ಟೇಪು ಹಿಡಿದು ಸ್ಥಳಕ್ಕೆ ಹೋಗಲಿ, ಕಂಡ ದೂರವನ್ನು ಅಳೆದು ಬರೆಯಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಲೋಪದಿಂದ ಸಾವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮಹಜರಿನಲ್ಲಿ ರಸ್ತೆಯ ಅಳತೆಯೇ ಇಲ್ಲದಿದ್ದರೆ ಆ ಲೋಪವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಬಹಳ ಕಷ್ಟ.