ಹಲಗೆಯ ಮೇಲಿನ ಶಬ್ದ

ಟೆಕ್ಸಾಸಿನಲ್ಲಿ ನೆಲಸಿರುವ ಕನ್ನಡ ವಾಚಕರೊಬ್ಬರು, ತಮ್ಮ ಊರಿನ ಹೋಟೆಲೊಂದರಲ್ಲಿ ಅಗಲವಾದ ಟೋಪಿ ಧರಿಸಿ ಗಿಟಾರು ನುಡಿಸುತ್ತಿದ್ದವನನ್ನು ಎಲ್ಲರೂ 'ಮರಿಯಾಚಿ' ಎನ್ನುತ್ತಿದ್ದರೆಂದೂ, ಆ ಪದಕ್ಕೆ 'ಮೆಕ್ಸಿಕೋದ ಗಾಯಕ' ಎಂದು ಅರ್ಥ ಹೇಳಿದರೆ ಸಾಲದೆ ಎಂದೂ ಬರೆದು ಕೇಳಿರುವರು. ಸಾಲದು. ಟೋಪಿಯನ್ನು ನೋಡಿ ಹೆಸರಿಡುವ ಈ ಅಭ್ಯಾಸವೂ, ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತದ ಹಾಡಿಗೂ ಹಲಿಸ್ಕೋ ಪ್ರಾಂತದ ಹಾಡಿಗೂ ಭೇದವೆಣಿಸದೆ ಎಲ್ಲವನ್ನೂ 'ಲ್ಯಾಟಿನ್ ಸಂಗೀತ'ವೆಂದುಬಿಡುವ ನಮ್ಮ ಪತ್ರಿಕೆಗಳ ಔದಾಸೀನ್ಯವೂ ನನಗೆ ಬಹುಕಾಲದಿಂದ ವ್ಯಥೆಯನ್ನುಂಟುಮಾಡಿವೆ.

ಫ್ರೆಂಚರ ವಿವಾಹವಾಚಕವಾದ 'ಮರಿಯಾಜ್' ಎಂಬುದೇ ಅಪಭ್ರಂಶವಾಗಿ 'ಮರಿಯಾಚಿ' ಆಯಿತೆಂಬ ಕಥೆ ಲೋಕಪ್ರಸಿದ್ಧವಾದುದು. ಅದನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗೋಣ. ಏಕೆಂದರೆ ಫ್ರೆಂಚ್ ಸೇನೆ ಮೆಕ್ಸಿಕೋದೊಡನೆ ಯುದ್ಧಕ್ಕಿಳಿದ 1862ಕ್ಕೆ ಹತ್ತು ವರ್ಷ ಮೊದಲೇ, ಇಂದಿನ ನಯಾರಿತ್ ಪ್ರಾಂತದ ರೊಸಮೊರಾದಾ ಎಂಬ ಊರಿನ ಪಾದ್ರಿ ಕೊಸ್ಮೆ ಸಾಂತಾ ಅನಾ ಗ್ವಾದಲಹಾರಾದ ಬಿಷಪ್ಪರಿಗೆ ಬರೆದ ಕಾಗದವೊಂದರಲ್ಲಿ ಈ ಪದ ಕಾಣಿಸಿಕೊಂಡಿದೆ. ಆ ಕಾಗದವನ್ನು 1981ರಲ್ಲಿ ಬೆಳಕಿಗೆ ತಂದವರು ಫ್ರಾನ್ಸಿನಲ್ಲಿಯೇ ಹುಟ್ಟಿದ ಇತಿಹಾಸಕಾರ ಜಾನ್ ಮೇಯರ್.

ಈ ಕಾಗದದ ಮೇಲೆ ನನಗೆ ವಿಶೇಷವಾದ ಮಮತೆಯುಂಟು. 1852ರ ಮೇ ತಿಂಗಳಿನದು ಅದು. ಈಸ್ಟರಿನ ಹಿಂದಿನ ಪವಿತ್ರ ಶನಿವಾರದಂದು ಆರಾಧನೆಯನ್ನು ಮುಗಿಸಿದ ಪಾದ್ರಿಗೆ ಚರ್ಚಿನ ಎದುರಿನ ಚೌಕದಲ್ಲಿ ಕಂಡುದು ಕುಣಿತದ ಕೂಟಗಳು, ಜೂಜಿನ ಮೇಜು, ಮದ್ಯದ ಅಮಲಿನಲ್ಲಿ ಕಾಲ್ನಡೆಯಲ್ಲಿಯೂ ಕುದುರೆಯ ಮೇಲೆಯೂ ಕೂಗಾಡುತ್ತಿದ್ದ ಗಂಡಸರು. ಇಂತಹ ವಿನೋದಗಳಿಗೆ ಈ ಸೀಮೆಯಲ್ಲಿ ಮರಿಯಾಚಿಗಳೆಂದು ಹೆಸರೆಂದು ಆತ ದೂರಿಕೊಂಡಿರುವನು. ಕೋಶಕಾರನು ತೂಗಿ ನೋಡಿ ಬರೆಯುತ್ತಾನೆ. ದೂರು ಕೊಡುವವನಾದರೋ ಊರವರ ನಾಲಗೆಯ ಮೇಲಿದ್ದುದನ್ನು ಹಾಗೆಯೇ ಎತ್ತಿ ಬರೆಯುತ್ತಾನೆ, ಆದುದರಿಂದ ಪದಗಳ ವಿಷಯದಲ್ಲಿ ಕುಪಿತನಾದ ಈ ಸಾಕ್ಷಿಯನ್ನೇ ನಾನು ಹೆಚ್ಚು ನಂಬುವೆನು. ಆತನ ಪಾಲಿಗೆ ಮರಿಯಾಚಿ ಎಂಬುದು ಗಾಯಕನಲ್ಲ, ವಾದ್ಯವಲ್ಲ, ಟೋಪಿಯಂತೂ ಅಲ್ಲವೇ ಅಲ್ಲ. ಅದು ಜನ ಕೂಡಿ ಕುಣಿಯುವ ಗದ್ದಲ.

ಇದಕ್ಕೂ ಹಿಂದೆ ಆ ಪದ ಕುಣಿಯುವ ಹಲಗೆಗೇ ಸಂದಿದ್ದ ಹೆಸರೆಂಬುದು ನನ್ನ ದೃಢವಾದ ಅಭಿಮತ. ಪಂಡಿತರಲ್ಲಿ ಇದನ್ನು ಒಪ್ಪುವವರೂ ಇರುವರು, ಒಪ್ಪದವರೂ ಇರುವರು. ನನಗೆ ಬಲ ಕೊಡುವುದು ಇನ್ನೊಂದು ಜಾನಪದ ಪ್ರಭೇದದ ಹೆಸರಾದ 'ಹುವಾಪಾಂಗೊ': ಮರದ ಹಲಗೆಯ ಮೇಲಿನ ತಾಣವೆಂಬ ಅರ್ಥದ, ನಹುವಾಟಲ್ ಎಂಬ ಅಲ್ಲಿಯ ಸ್ಥಳೀಯ ಭಾಷೆಯ ಶಬ್ದದಿಂದ ಅದು ಹುಟ್ಟಿತೆಂದು ಬಹುಮಂದಿ ಹೇಳುತ್ತಾರೆ. ಆಡುವ ಬಯಲೇ ಆಟಕ್ಕೆ ಹೆಸರಾಗಿ 'ಬಯಲಾಟ'ವೆನಿಸಿದ ನಾಡಿನವರಾದ ನಮಗೆ ಇದರಲ್ಲಿ ಅಚ್ಚರಿಯೇನೂ ತೋರಬೇಕಿಲ್ಲ.

ವೆರಾಕ್ರೂಸಿನಲ್ಲಿ ಆ ಹಲಗೆಗೆ 'ತರೀಮಾ' ಎನ್ನುವರು. ಒಳಗೆ ಟೊಳ್ಳಾದ ಆ ಮರದ ವೇದಿಕೆಯ ಸುತ್ತಲೂ ಹರಾನಾ, ರೆಕಿಂತೊ ಎಂಬ ತಂತಿವಾದ್ಯಗಳು ಮೊಳಗುತ್ತಿರಲು, ಕುಣಿಯುವವರ ಪಾದಾಘಾತವೇ ತಾಳವಾದ್ಯದ ಕೆಲಸವನ್ನು ನಿರ್ವಹಿಸುತ್ತದೆ. ಅಲ್ಲಿಯ 'ಲಾ ಬಾಂಬಾ' ಎಂಬ ಹಾಡಿಗೆ ಕುಣಿಯುವ ಜೋಡಿ, ನೆಲದ ಮೇಲೆ ಹಾಸಿದ ಉದ್ದನೆಯ ರಿಬ್ಬನ್ನನ್ನು ಕೈ ಸೋಕಿಸದೆ ಕೇವಲ ಪಾದಗಳ ಚಾತುರ್ಯದಿಂದಲೇ ಗಂಟು ಹಾಕುವ ಪದ್ಧತಿಯುಂಟು. ಲಾಸ್ ಏಂಜಲಿಸ್ ಸೀಮೆಯ ರಿಚಿ ವ್ಯಾಲೆನ್ಸ್ ಎಂಬ ಹದಿನೇಳರ ಹುಡುಗ 1958ರಲ್ಲಿ ಈ ಹಾಡನ್ನೇ ವಿದ್ಯುತ್ ಗಿಟಾರಿಗೆ ಅಳವಡಿಸಿ, ಸ್ಪ್ಯಾನಿಷಿನಲ್ಲಿಯೇ ಹಾಡಿ, ಅಮೆರಿಕದ ಯುವಜನರನ್ನು ಕುಣಿಸಿದನು. ಅದೇ ಮೂರು ಸ್ವರಮೇಳಗಳ ಆವರ್ತನ, 1963ರಲ್ಲಿ ಬೀಟಲ್ಸರೂ ಹಾಡಿದ 'ಟ್ವಿಸ್ಟ್ ಅಂಡ್ ಶೌಟ್'ನಲ್ಲಿ ಕಿವಿಯುಳ್ಳವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. 1987ರಲ್ಲಿ ಲೋಸ್ ಲೋಬೋಸ್ ವೃಂದದವರ 'ಲಾ ಬಾಂಬಾ' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ರಾಕ್ ಅಬ್ಬರ ಮುಗಿದ ಮೇಲೆ, ಹಾಡಿನ ಕೊನೆಗೆ ಅವರು ವೆರಾಕ್ರೂಸಿನ ತಂತಿಗಳನ್ನೇ ಮೀಟಿದುದು ನನ್ನ ದೃಷ್ಟಿಯಲ್ಲಿ ಋಣಸಂದಾಯ.

ಮರಿಯಾಚಿಯ ಪಾಲಿಗೆ ಬಂದ ವಿಧಿ ಬೇರೆ. 1930ರಲ್ಲಿ ಮೆಕ್ಸಿಕೋ ನಗರದಲ್ಲಿ ಎಕ್ಸ್‌ಇಡಬ್ಲ್ಯು ಆಕಾಶವಾಣಿ ಆರಂಭವಾಯಿತು, 1936ರ 'ಅಲ್ಯಾ ಎನ್ ಎಲ್ ರಾಂಚೊ ಗ್ರಾಂದೆ'ಯಂತಹ ಚಲಚ್ಚಿತ್ರಗಳು ಬಂದುವು. ಹಲಿಸ್ಕೋದ ಹಳ್ಳಿಯ ಪಿಟೀಲುಗಳ ಜೊತೆಗೆ ತುತ್ತೂರಿ ಸೇರಿ ಸ್ಥಿರವಾಗಿ ನಿಂತಿತು, ಕುದುರೆ ಸವಾರರ ವೇಷ ಗಾಯಕರ ಸಮವಸ್ತ್ರವಾಯಿತು. ಮೈಕಿಗೆ ಕಂಠ ಬೇಕು, ತುತ್ತೂರಿ ಬೇಕು. ಹಲಗೆಯ ಮೇಲೆ ಬೀಳುವ ಕಾಲಿನ ಪೆಟ್ಟು ಅದಕ್ಕೆ ಬೇಡವಾಯಿತು. ಕೂಟಕ್ಕೆ ಸಲ್ಲುತ್ತಿದ್ದ ಪದ ಕ್ರಮೇಣ ವೃಂದಕ್ಕೂ, ವೃಂದದಿಂದ ಒಬ್ಬ ವ್ಯಕ್ತಿಗೂ ಸಂಕುಚಿತವಾದುದಕ್ಕೆ ಇದೇ ಕಾರಣವೆಂದು ನಾನು ಭಾವಿಸಿದ್ದೇನೆ. 2011ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಮರಿಯಾಚಿಯನ್ನು ಸೇರಿಸಿಕೊಂಡಾಗ ಕೂಡ, ಅದರ ಹೆಸರಿನ ಮುಂದೆ ತಂತಿವಾದ್ಯ, ಗಾನ, ತುತ್ತೂರಿ ಎಂದಷ್ಟೇ ನಮೂದಿಸಿತು. ಪಾದ್ರಿಯನ್ನು ಅಷ್ಟೊಂದು ಕೆರಳಿಸಿದ್ದ ಪಾದಗಳಿಗೆ ಅಲ್ಲಿ ಸ್ಥಾನ ಸಿಕ್ಕಲಿಲ್ಲ.