ಎರಡು ಸೂರ್ಯೋದಯಗಳ ಯಾನ

ಎರಡು ನಗರಗಳ ನಡುವಣ ಅಂತರವನ್ನು ಮೈಲಿಗಳಿಂದ ಎಣಿಸುವುದು ಲೋಕರೂಢಿ. ಮೈಲಿಗಳು ಎಂದೂ ಬದಲಾಗವು. ಅವುಗಳನ್ನು ದಾಟುವುದಕ್ಕೆ ಮನುಷ್ಯನು ತೆರಬೇಕಾದ ಬೆಲೆಯಾದರೋ ಕಾಲಕಾಲಕ್ಕೆ ಬದಲಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದ ಪರ್ತ್ ನಗರಕ್ಕೂ ಸಿಂಹಳದ್ವೀಪದ ಕೊಗ್ಗಲಕ್ಕೂ ನಡುವೆ ನಡೆದ ವಿಮಾನಯಾನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಯುದ್ಧಕ್ಕೆ ಮೊದಲು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟ ವಿಮಾನವು ಕರಾಚಿ, ಕಲ್ಕತ್ತೆ, ಸಿಂಗಪುರಗಳಲ್ಲಿ ಇಳಿಯುತ್ತ, ಹಂತಹಂತವಾಗಿ ಸಾಗುತ್ತಿದ್ದಿತು. 1942ನೆಯ ಇಸವಿ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಯಿತು. ಮರುತಿಂಗಳು ಜಾವಾದ್ವೀಪವೂ ಬಿದ್ದಿತು. ಹಳೆಯ ವಾಯುಮಾರ್ಗವು ಕಡಿದುಹೋಯಿತು. ಉಳಿದುದು ಹಿಂದೂ ಮಹಾಸಾಗರವೊಂದೇ. ಪರ್ತಿನಿಂದ ಕೊಗ್ಗಲಕ್ಕೆ ಸುಮಾರು 3,500 ಮೈಲಿ. ನಡುವೆ ಇಳಿದು ಎಣ್ಣೆ ತುಂಬಿಕೊಳ್ಳುವುದಕ್ಕೆ ನಿರ್ಭಯವಾದ ತಾಣವೊಂದೂ ಇರಲಿಲ್ಲ.

1943ರಲ್ಲಿ ಕ್ವಾಂಟಾಸ್ ಸಂಸ್ಥೆಯವರು ಐದು ಕ್ಯಾಟಲೀನಾ ಜಲವಿಮಾನಗಳಿಂದ ಈ ಮಾರ್ಗವನ್ನು ತೆರೆದರು. ಅವುಗಳ ವೇಗವು ಗಂಟೆಗೆ ಸುಮಾರು 125 ಮೈಲಿ ಮಾತ್ರ. ಆದುದರಿಂದ ಒಂದು ಯಾನಕ್ಕೆ 27ರಿಂದ 32 ಗಂಟೆಗಳವರೆಗೆ ಹಿಡಿಯುತ್ತಿದ್ದಿತು. ಹೊರಟವರು ಆಕಾಶದಲ್ಲಿಯೇ ಎರಡು ಸೂರ್ಯೋದಯಗಳನ್ನು ಕಾಣುತ್ತಿದ್ದರು. ಎಣ್ಣೆಯ ಭಾರಕ್ಕೆ ಎಡೆಮಾಡಿಕೊಡಲು ಅನಾವಶ್ಯಕ ಸಾಮಗ್ರಿಗಳನ್ನೆಲ್ಲ ಕಿತ್ತುಹಾಕಲಾಗಿತ್ತು. ಮೂವರು ಪ್ರಯಾಣಿಕರು, 150 ಪೌಂಡಿನಷ್ಟು ಅಂಚೆ. ಇದಕ್ಕಿಂತ ಹೆಚ್ಚಿನದನ್ನು ವಿಮಾನವು ಹೊರಲಾರದಾಗಿದ್ದಿತು. ಎಣ್ಣೆಯು ಉರಿದು ಭಾರವು ಇಳಿಯುವವರೆಗಿನ ಮೊದಲ ಹಲವು ಗಂಟೆಗಳಲ್ಲಿ ಎರಡು ಯಂತ್ರಗಳಲ್ಲೊಂದು ನಿಂತರೂ ಸಮುದ್ರವೇ ಗತಿ.

ಶತ್ರುವಿನ ಕಿವಿಗೆ ಬೀಳಬಾರದೆಂದು ವೈಮಾನಿಕರು ರೇಡಿಯೋದಲ್ಲಿ ಮಾತನಾಡುವಂತಿರಲಿಲ್ಲ. ಅವರು ದಾರಿಯನ್ನು ನಕ್ಷತ್ರಗಳಿಂದ ಅರಿಯಬೇಕಾಗಿದ್ದಿತು. ವಿಮಾನಗಳಿಗೂ ನಕ್ಷತ್ರಗಳ ಹೆಸರುಗಳನ್ನೇ ಇಟ್ಟಿದ್ದರು: ವೇಗಾ, ಆಲ್ಟೇರ್, ಸ್ಪೈಕಾ, ಆಂಟಾರೆಸ್, ರೈಜೆಲ್. ಇವುಗಳಲ್ಲಿ ಮೊದಲ ನಾಲ್ಕು ಭಾರತೀಯರಿಗೆ ಅಭಿಜಿತ್, ಶ್ರವಣ, ಚಿತ್ತಾ, ಜ್ಯೇಷ್ಠಾ ಎಂದು ಚಿರಪರಿಚಿತವಾದವು. ಕೊಗ್ಗಲದಿಂದ ಸೇವೆಯು ಕರಾಚಿಯವರೆಗೆ ವಿಸ್ತರಿಸಲ್ಪಟ್ಟು, ಅಲ್ಲಿ ಲಂಡನ್ನಿನ ಮಾರ್ಗವನ್ನು ಕೂಡಿಕೊಂಡಿತು. ಅಂಚೆಯ ಆ ಚಿಕ್ಕ ಚೀಲದ ಮೂಲಕ ಭೂಖಂಡವೊಂದು ಲೋಕದೊಡನೆ ಸಂಬಂಧವನ್ನು ಉಳಿಸಿಕೊಂಡಿತು.

1945ರ ಜುಲೈವರೆಗೆ ಕ್ಯಾಟಲೀನಾಗಳು 271 ಸಲ ಸಾಗರವನ್ನು ದಾಟಿದವು. ಒಂದು ಜೀವವೂ ನಷ್ಟವಾಗಲಿಲ್ಲ. ಯುದ್ಧವು ಮುಗಿದಮೇಲೆ, ಅಮೆರಿಕದಿಂದ ಎರವಾಗಿ ಬಂದಿದ್ದ ಆ ವಿಮಾನಗಳನ್ನು ಕರಾರಿನಂತೆ ಸಮುದ್ರದಲ್ಲಿ ಮುಳುಗಿಸಿಬಿಟ್ಟರು.

2018ರ ಮಾರ್ಚಿಯಲ್ಲಿ ಅದೇ ಪರ್ತಿನಿಂದ ಲಂಡನ್ನಿಗೆ ನಡುವೆ ಎಲ್ಲಿಯೂ ಇಳಿಯದ ವಿಮಾನಸೇವೆಯು ಮೊದಲಾಯಿತು. ದೂರವು 14,498 ಕಿಲೋಮೀಟರು, ಎಂದರೆ ಸುಮಾರು 9,000 ಮೈಲಿ. ಕಾಲವು ಸುಮಾರು 17 ಗಂಟೆ. ಇನ್ನೂರಕ್ಕೂ ಮೇಲ್ಪಟ್ಟ ಪ್ರಯಾಣಿಕರು ಅದರಲ್ಲಿ ಉಂಡು ನಿದ್ರಿಸಿ ಇಳಿಯುತ್ತಾರೆ. ಮೂವರನ್ನು ಸಾಗಿಸಲು ಹಿಂದಿನವರು ಒಂದು ಹಗಲನ್ನೂ ಒಂದು ರಾತ್ರಿಯನ್ನೂ ಮೌನದಲ್ಲಿ ಕಳೆದ ಸಾಗರವು ಅವರ ಕೆಳಗೆ ಇಂದಿಗೂ ಅಷ್ಟೇ ಅಗಲವಾಗಿ ಹರಡಿದೆ.