ಕುಷ್ಠಾಣುವಿನ ವಂಶಾವಳಿ

ರೋಗಗಳಿಗೂ ಚರಿತ್ರೆಯುಂಟು. ಅರಸರ ಚರಿತ್ರೆಯನ್ನು ಶಾಸನಗಳಿಂದಲೂ ನಾಣ್ಯಗಳಿಂದಲೂ ತಿಳಿಯುವಂತೆ, ರೋಗದ ಚರಿತ್ರೆಯನ್ನು ಈಗ ರೋಗಾಣುವಿನ ಒಡಲಿನಲ್ಲಿಯೇ ಓದಬಹುದಾಗಿದೆ. ಚರ್ಮವನ್ನೂ ನರಗಳನ್ನೂ ಹಿಡಿಯುವ ಕುಷ್ಠರೋಗದ ವಿಷಯದಲ್ಲಿ ಈ ಓದು ಏನನ್ನು ಹೇಳಿತು, ಏನನ್ನು ಹೇಳಲಿಲ್ಲ ಎಂಬುದನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲು ಹೆಸರಿನ ಮಾತು. ನಾನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದವನು. ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ ರೇಷ್ಮೆಯ ಊರು ಅದು. 2014ರಲ್ಲಿ ಬಿಜಾಪುರವೂ ಅದೇ ಹೆಸರನ್ನು ಪಡೆದ ಮೇಲೆ, ಊರಿನ ಹೆಸರು ಹೇಳಿದೊಡನೆ ಯಾವ ವಿಜಯಪುರವೆಂದು ಬಿಡಿಸಿ ಹೇಳಬೇಕಾಗಿದೆ. ಕುಷ್ಠವೆಂಬ ಹೆಸರಿನ ಗತಿಯೂ ಇಂಥದೇ. ಸುಶ್ರುತಸಂಹಿತೆ 7 ಮಹಾಕುಷ್ಠಗಳನ್ನೂ 11 ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಇಂದು ಬೇರೆ ಬೇರೆಯೆಂದು ತಿಳಿದಿರುವ ಹಲವು ಚರ್ಮರೋಗಗಳು ಆ 18ರಲ್ಲಿ ಅಡಗಿವೆ. ರೋಗ ಹಲವಾದರೂ ಬಹಿಷ್ಕಾರ ಮಾತ್ರ ಒಂದೇ. ಮಹಾಭಾರತದ ದೇವಾಪಿ ಶಂತನುವಿನ ಅಣ್ಣ, ಪ್ರಜೆಗಳಿಗೆ ಪ್ರಿಯನಾಗಿದ್ದವನು. ಆದರೂ ತ್ವಗ್ದೋಷವುಳ್ಳವನೆಂಬ ಕಾರಣಕ್ಕೆ ಪಟ್ಟ ತಪ್ಪಿ ಕಾಡು ಸೇರಿದ.

ಯೂರೋಪಿನಲ್ಲಿಯೂ ಮನೋಭಾವ ಬಹಳ ಭಿನ್ನವಾಗಿರಲಿಲ್ಲ. 1847ರಲ್ಲಿ ನಾರ್ವೆಯ ಡೇನಿಯಲ್ಸನ್ ತನ್ನ ಸಹೋದ್ಯೋಗಿ ಬೋಕ್‌ನೊಡನೆ ಬರೆದ ಗ್ರಂಥದಲ್ಲಿ ಇದು ವಂಶದಿಂದ ಇಳಿದುಬರುವ ರೋಗವೆಂದು ಪ್ರತಿಪಾದಿಸಿದ. 1873ರಲ್ಲಿ ಅವನ ಅಳಿಯ ಹ್ಯಾನ್ಸನ್ ಬರ್ಗನ್ ನಗರದಲ್ಲಿ ರೋಗಿಗಳ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಡ್ಡಿಯಂಥ ಜೀವಿಗಳನ್ನು ಕಂಡ. ಶಾಪವೆಂದೂ ಕುಲದೋಷವೆಂದೂ ತಿಳಿದದ್ದು ಒಂದು ಸೂಕ್ಷ್ಮಾಣುವಿನ ಕೆಲಸವಾಗಿತ್ತು. ಆದರೆ ಅದನ್ನು ಸಾಧಿಸುವ ಹಟದಲ್ಲಿ ಅವನು ಒಬ್ಬ ರೋಗಿಯ ಕಣ್ಣಿಗೆ, ಆಕೆಯ ಒಪ್ಪಿಗೆಯಿಲ್ಲದೆ, ರೋಗದ್ರವ್ಯವನ್ನು ಚುಚ್ಚಿದ. 1880ರಲ್ಲಿ ನ್ಯಾಯಾಲಯ ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ರೋಗಿಯೂ ಮನುಷ್ಯನೇ ಎಂಬುದನ್ನು ವಿಜ್ಞಾನಕ್ಕೂ ನೆನಪಿಸಬೇಕಾದ ಸಂದರ್ಭಗಳುಂಟು.

ಈ ಸೂಕ್ಷ್ಮಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಅಮೆರಿಕದ ಆರ್ಮಡಿಲೋ ಎಂಬ ಚಿಪ್ಪುಪ್ರಾಣಿಯಲ್ಲಿ ಅದು ಬೆಳೆಯುತ್ತದೆಂದು 1971ರಲ್ಲಿ ತಿಳಿದ ಮೇಲೆ ಸಂಶೋಧನೆಗೆ ದಾರಿ ತೆರೆಯಿತು. 2001ರಲ್ಲಿ ಸ್ಟೀವರ್ಟ್ ಕೋಲ್ ಮತ್ತು ಸಂಗಡಿಗರು ಅದರ ಸಂಪೂರ್ಣ ಆನುವಂಶಿಕ ಲಿಪಿಯನ್ನು ಪ್ರಕಟಿಸಿದರು. ಅವರು ಓದಿದ್ದು ನಮ್ಮ ನೆರೆಯ ತಮಿಳುನಾಡಿನ ಒಬ್ಬ ರೋಗಿಯಿಂದ ದೊರೆತ ತಳಿಯನ್ನು. ಸುಮಾರು 32 ಲಕ್ಷ 68 ಸಾವಿರ ಅಕ್ಷರಗಳ ಆ ಲಿಪಿಯಲ್ಲಿ ಕೆಲಸ ಮಾಡುವ ಜೀನುಗಳು ಸುಮಾರು 1,600. ಕೆಟ್ಟು ನಿಂತವು 1,100ಕ್ಕೂ ಹೆಚ್ಚು. ಬಹುಕಾಲ ಪರಾವಲಂಬಿಯಾಗಿ ಬಾಳಿ, ಸ್ವಂತ ಸಂಸಾರದ ಸಲಕರಣೆಗಳನ್ನೆಲ್ಲ ಕಳೆದುಕೊಂಡ ಜೀವಿ ಇದು.

ತಳಿ ಎಂಬ ಮಾತು ನಮ್ಮೂರಿನ ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಕೇಳಿಬರುವಂಥದು. ಹಳದಿ ಗೂಡು ಮಿಶ್ರತಳಿಯದು, ಬಿಳಿಯದು ದ್ವಿತಳಿಯದು ಎಂದು ಬಣ್ಣದಿಂದಲೇ ಹೇಳಬಹುದು. ರೋಗಾಣುವಿನ ತಳಿಗಳಿಗೆ ಅಂಥ ಬಣ್ಣವಿಲ್ಲ. ಅವನ್ನು ಗುರುತಿಸುವ ಕ್ರಮ ಓಲೆಪ್ರತಿಗಳ ಸಂಪಾದನೆಯನ್ನು ಹೋಲುತ್ತದೆ. ಒಬ್ಬ ಲಿಪಿಕಾರ ಮಾಡಿದ ತಪ್ಪು ಅವನ ಪ್ರತಿಯಿಂದ ಹೊರಟ ಪ್ರತಿಗಳಲ್ಲೆಲ್ಲ ಉಳಿಯುತ್ತದೆ. ಒಂದೇ ತಪ್ಪುಳ್ಳ ಪ್ರತಿಗಳು ಒಂದೇ ಶಾಖೆಯವು. ಹೀಗೆ ಅಕ್ಷರವ್ಯತ್ಯಾಸಗಳನ್ನು ಹಿಡಿದು 2005ರಲ್ಲಿ ಕುಷ್ಠಾಣುವನ್ನು 4 ಮುಖ್ಯ ಬಗೆಗಳಾಗಿ ವಿಂಗಡಿಸಲಾಯಿತು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಯೂರೋಪಿನ ಬಗೆ ಅಮೆರಿಕ ಖಂಡಗಳಲ್ಲಿಯೂ, ಪಶ್ಚಿಮ ಆಫ್ರಿಕದ ಬಗೆ ಕೆರಿಬಿಯನ್ ದ್ವೀಪಗಳಲ್ಲಿಯೂ ದೊರೆತವು. ವಲಸೆಗಾರರ ಹಡಗುಗಳ ದಾರಿಯೂ ಗುಲಾಮರ ಹಡಗುಗಳ ದಾರಿಯೂ ಸೂಕ್ಷ್ಮಾಣುವಿನಲ್ಲಿ ಬರೆದಿಟ್ಟಂತಿವೆ. ಅಮೆರಿಕದ ಆರ್ಮಡಿಲೋಗಳಿಗೂ ಈ ರೋಗವನ್ನು ಕೊಟ್ಟವನು ಮನುಷ್ಯನೇ. ರೋಗದ ಮೂಲನೆಲೆ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಲ್ಲಿ ಒಂದು ಅಪಾಯವೂ ಉಂಟು. ಯಾವ ತಳಿ ಎಲ್ಲಿಂದ ಬಂತೆಂದು ತಿಳಿದೊಡನೆ, ಯಾರಿಂದ ಬಂತೆಂದು ಬೆರಳು ತೋರಿಸುವ ಚಪಲ ಹುಟ್ಟುತ್ತದೆ. ಹಳೆಯ ಕುಲದೋಷ ಹೊಸ ವೇಷದಲ್ಲಿ ಮರಳಬಾರದು. ಖಂಡಾಂತರಗಳ 4 ತಳಿಗಳನ್ನು ಹೋಲಿಸಿದ 2009ರ ಅಧ್ಯಯನದಲ್ಲಿ ಅವು ನೂರಕ್ಕೆ 99.995ರಷ್ಟು ಒಂದೇ ಎಂದು ಕಂಡಿತು. ಒಬ್ಬನಲ್ಲಿ ಒಂದೆರಡು ಮಚ್ಚೆಗಳಾಗಿ ನಿಲ್ಲುವ ರೋಗ ಇನ್ನೊಬ್ಬನಲ್ಲಿ ಮೈಯೆಲ್ಲ ಹರಡುವುದು ಮುಖ್ಯವಾಗಿ ದೇಹದ ಪ್ರತಿರೋಧಶಕ್ತಿಯ ವ್ಯತ್ಯಾಸದಿಂದ. ನೂರರಲ್ಲಿ 95 ಮಂದಿಗೆ ಈ ರೋಗ ತಗಲುವುದೇ ಇಲ್ಲ. ತಳಿಯ ಪರೀಕ್ಷೆ ದಾರಿಯನ್ನು ತೋರಿಸುತ್ತದೆ. ಔಷಧಿಗೆ ಬಗ್ಗದ ರೋಗಾಣುವನ್ನು ಗುರುತಿಸಲು ಜೀನುಗಳ ಪರೀಕ್ಷೆ ನೆರವಾಗುತ್ತದೆ. ಅಪರಾಧಿಯನ್ನು ಹುಡುಕುವುದು ಅದರ ಕೆಲಸವಲ್ಲ.

ಭಯದಿಂದ ಹುಟ್ಟುವುದು ಮರೆಮಾಚುವಿಕೆ, ಮರೆಮಾಚಿದಷ್ಟೂ ಅಂಗಹಾನಿ. ಈ ರೋಗದ ಮೊದಲ ಗುರುತು ನೋವಲ್ಲ, ನೋವಿಲ್ಲದಿರುವುದು. ರೇಷ್ಮೆ ಬಿಚ್ಚುವವರ ಕೈ ದಿನವೆಲ್ಲ ಬಿಸಿನೀರಿನ ಬಳಿಯಲ್ಲೇ ಇರುತ್ತದೆ. ಸ್ಪರ್ಶ ಸತ್ತ ಬೆರಳಿಗೆ ಸುಟ್ಟದ್ದು ತಿಳಿಯದು. ಆ ಕುಟುಂಬಕ್ಕೆ ಬೆರಳು ಹೋದರೆ ಅನ್ನವೂ ಹೋಯಿತು. ಮಚ್ಚೆಯ ಮೇಲೆ ಸ್ಪರ್ಶವಿಲ್ಲವೆಂದು ಹೇಳಿಕೊಳ್ಳಲು ನಾಚದಂಥ ವಾತಾವರಣ ಊರಿನಲ್ಲಿರಬೇಕು.

ಔಷಧಿಯ ಕೊರತೆ ಈಗಿಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ ಬಹುಔಷಧ ಚಿಕಿತ್ಸೆ 6 ಅಥವಾ 12 ತಿಂಗಳಲ್ಲಿ ರೋಗವನ್ನು ಗುಣಪಡಿಸುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ 10,000ಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು. ಆದರೂ ಪ್ರಪಂಚದ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಮ್ಮವರು. ರೋಗಿಗಳನ್ನು ಬೇರ್ಪಡಿಸಲು 1898ರಲ್ಲಿ ಮಾಡಿದ ಕಾನೂನು ರದ್ದಾದದ್ದು 2016ರಲ್ಲಿ. ವಿವಾಹವಿಚ್ಛೇದನದ ಕಾರಣಗಳಿಂದ ಈ ರೋಗವನ್ನು ಕೈಬಿಟ್ಟದ್ದು 2019ರಲ್ಲಿ. ಔಷಧಿ ದೊರೆತ ಎಷ್ಟೋ ವರ್ಷಗಳ ಮೇಲೆ ಕಾನೂನು ಬದಲಾಯಿತು. ಇನ್ನು ಬದಲಾಗಬೇಕಾದದ್ದು ನಮ್ಮ ಮನಸ್ಸು. ಅದಕ್ಕೆ ಯಾವ ಶಾಸನಸಭೆಯ ಅಪ್ಪಣೆಯೂ ಬೇಕಾಗಿಲ್ಲ.